ಹಿಮದಲ್ಲಿ ನೆಟ್ಟ ಕೋಲು

ಬೀದರ ಜಿಲ್ಲೆಯ ಬೇಮಳಖೇಡದಂಥ ಊರಿನವನಾದ ನನಗೆ ಮಂಜುಗಡ್ಡೆಯ ಪರಿಚಯ ಎರಡೇ ಬಗೆಯದು. ಒಂದು, ಜಾತ್ರೆಯ ದಿನ ಮರದ ಹೊಟ್ಟು ಹೊದ್ದು ಬರುವ ಶರಬತ್ತಿನವನ ಗಡ್ಡೆ, ಇನ್ನೊಂದು, ಆಲಿಕಲ್ಲು. 2014ರ ಫೆಬ್ರುವರಿ-ಮಾರ್ಚಿನಲ್ಲಿ ನಮ್ಮ ಭಾಗದ ಎಷ್ಟೋ ಹೊಲಗಳ ಪೈರನ್ನು ನೆಲಕಚ್ಚಿಸಿದ್ದು ಈ ಎರಡನೆಯದೇ. ಎರಡೂ ನೋಡನೋಡುತ್ತಿದ್ದಂತೆ ಕರಗುವಂಥವು. ಇಷ್ಟೇ ಬಂಡವಾಳದವನು ಧ್ರುವಪ್ರದೇಶದ ಹಿಮನದಿಯನ್ನು ಕುರಿತು ಮಾತನಾಡುವುದೆಂದರೆ ಕೇಳುವವರಿಗೆ ನಗು ಬಂದೀತು. ಆದರೆ ನಾನು ಹೇಳಹೊರಟಿರುವುದು ಹಿಮದ ಸೊಬಗನ್ನಲ್ಲ, ಅದರ ಲೆಕ್ಕವನ್ನು. ಲೆಕ್ಕದ ವಿಷಯದಲ್ಲಿ ನಮ್ಮ ಸೀಮೆಯವರಿಗೂ ತುಸು ಅಧಿಕಾರವುಂಟು. ಬಾವಿಯ ಒಳಗೋಡೆಯಲ್ಲಿ ಎಷ್ಟು ವರಸೆ ಕಲ್ಲು ತೆರೆದಿದೆಯೆಂದು ಎಣಿಸಿ, ಬೇಸಗೆ ಹೇಗೆ ಕಳೆದೀತೆಂದು ಹೇಳುವ ಹಿರಿಯರು ನಮ್ಮಲ್ಲಿದ್ದರು. ನೀರು ಎಷ್ಟಿದೆ ಎಂಬುದಕ್ಕಿಂತ ಎಷ್ಟು ಇಳಿಯಿತು ಎಂಬುದೇ ಅವರ ಪ್ರಶ್ನೆ. ಹಿಮನದಿಯ ಮೇಲೆ ನಿಂತ ವಿಜ್ಞಾನಿಯ ಪ್ರಶ್ನೆಯೂ ಅದೇ.

ಉಪಾಯವೋ, ಅಚ್ಚರಿಯಾಗುವಷ್ಟು ಸರಳ. ಬಿಸಿ ಹಬೆಯಿಂದ ಮಂಜಿನಲ್ಲಿ ಹಲವು ಮೀಟರ್ ಆಳದ ತೂತು ಕೊರೆದು ಅದರೊಳಗೆ ಕೋಲೊಂದನ್ನು ಇಳಿಬಿಡುತ್ತಾರೆ. ಮೇಲೆ ಎಷ್ಟು ಉದ್ದ ಉಳಿದಿದೆಯೆಂದು ಅಳೆದು ಬರೆದಿಟ್ಟುಕೊಳ್ಳುತ್ತಾರೆ. ಬೇಸಗೆ ಮುಗಿದ ಮೇಲೆ ಬಂದು ನೋಡಿದಾಗ ಕೋಲು ಬೆಳೆದಂತೆ ಕಾಣುತ್ತದೆ. ಬೆಳೆದದ್ದು ಕೋಲಲ್ಲ, ತಗ್ಗಿದ್ದು ನೆಲ. ಮಂಜು ನೀರಿಗಿಂತ ಹಗುರವಾದ್ದರಿಂದ, ಒಂದು ಮೀಟರ್ ಮಂಜು ಹೋದರೆ ಸುಮಾರು 90 ಸೆಂಟಿಮೀಟರ್ ನೀರು ಹೋಯಿತೆಂದು ಖರ್ಚು ಹಾಕುತ್ತಾರೆ. ಚಳಿಗಾಲದಲ್ಲಿ ಬಿದ್ದ ಹಿಮವನ್ನು ವಸಂತದಲ್ಲಿ ಸಲಾಕೆ ಚುಚ್ಚಿ ಅಳೆದು, ಗುಂಡಿ ತೋಡಿ ತೂಗಿ ಜಮಾ ಹಿಡಿಯುತ್ತಾರೆ. ಜಮೆಯಲ್ಲಿ ಖರ್ಚು ಕಳೆದರೆ ಆ ವರ್ಷದ ಶಿಲ್ಕು ತಿಳಿಯುತ್ತದೆ.

ಇಷ್ಟು ಕೇಳಿ ಇದು ಯಾರಾದರೂ ಮಾಡಬಹುದಾದ ಕೆಲಸವೆಂದುಕೊಳ್ಳಬಾರದು. ಕೋಲು ಸುಳ್ಳು ಹೇಳಬಲ್ಲುದು. ಲೋಹದ್ದಾದರೆ ಬಿಸಿಲಿಗೆ ಕಾದು ತನ್ನ ಸುತ್ತಲಿನ ಮಂಜನ್ನು ತಾನೇ ಕರಗಿಸಿಕೊಂಡು ಗುಳಿ ಮಾಡುತ್ತದೆ. ಆ ಗುಳಿಯಲ್ಲಿ ಅಳೆದರೆ ಹಿಮನದಿಯ ನಷ್ಟ ಇದ್ದುದಕ್ಕಿಂತ ಹೆಚ್ಚಾಗಿ ತೋರುತ್ತದೆ. ತೂತಿನ ತಳ ಕರಗಿ ಕೋಲು ಕೆಳಗಿಳಿದರೆ ನಷ್ಟ ಕಡಿಮೆಯಾಗಿ ತೋರುತ್ತದೆ. ಧ್ರುವದ ಹಿಮನದಿಗಳಲ್ಲಿ ಮತ್ತೊಂದು ತೊಡಕುಂಟು. ಮೇಲಿನ ಹಿಮ ಕರಗಿ ಇಳಿದ ನೀರು ಕೆಳಗಿನ ಅತಿಶೀತಲ ಮಂಜನ್ನು ಮುಟ್ಟಿದೊಡನೆ ಮತ್ತೆ ಹೆಪ್ಪುಗಟ್ಟುತ್ತದೆ. ಕರಗಿದ್ದು ನಿಜ, ಮನೆ ಬಿಟ್ಟು ಹೋಗಲಿಲ್ಲ. ಅದನ್ನು ನಷ್ಟವೆಂದು ಬರೆದರೆ ಲೆಕ್ಕ ತಪ್ಪುತ್ತದೆ. ಎಲ್ಲಕ್ಕಿಂತ ಕಷ್ಟದ ಸಂದರ್ಭವೆಂದರೆ ಕರಗುವಿಕೆ ಕೋಲಿನ ಆಳವನ್ನೂ ಮೀರಿ ಕೋಲೇ ಬಿದ್ದುಬಿಡುವುದು. ಆಗ ‘ಇಷ್ಟಕ್ಕಿಂತ ಹೆಚ್ಚು’ ಎಂದು ಹೇಳಬಹುದೇ ಹೊರತು ಎಷ್ಟು ಹೆಚ್ಚು ಎಂದು ಹೇಳಲಾಗದು. ನಷ್ಟ ಅತಿಯಾದ ವರ್ಷದಲ್ಲಿಯೇ ಸಾಕ್ಷಿ ಅಡ್ಡಬೀಳುತ್ತದೆ! ಆದಕಾರಣ ಕೋಲು ಬೀಳುವ ಮೊದಲೇ ಹೊಸ ತೂತು ಕೊರೆದು ಮತ್ತೆ ನೆಡಬೇಕು.

ಉತ್ತರ ಧ್ರುವದ ಸಮೀಪದ ಸ್ವಾಲ್ಬಾರ್ಡ್ ದ್ವೀಪಗಳಲ್ಲಿ, 79 ಡಿಗ್ರಿ ಅಕ್ಷಾಂಶದ ನಿ-ಓಲೆಸುಂಡ್ ಎಂಬ ನೆಲೆಯ ಬಳಿ, ಈ ಕೆಲಸ ಬಹುಕಾಲದಿಂದ ನಡೆದಿದೆ. ಅಲ್ಲಿ ಏಪ್ರಿಲ್ ನಡುಭಾಗದಿಂದ ಆಗಸ್ಟ್ ಕೊನೆಯ ಭಾಗದವರೆಗೆ ಸೂರ್ಯ ಮುಳುಗುವುದೇ ಇಲ್ಲ. ಔಸ್ತ್ರೆ ಬ್ರೊಗರ್‌ಬ್ರೇನ್ ಹಿಮನದಿಯ ಲೆಕ್ಕವನ್ನು ನಾರ್ವೆಯ ಧ್ರುವ ಸಂಶೋಧನ ಸಂಸ್ಥೆ 1967ರಿಂದ ಬರೆದಿಟ್ಟಿದೆ. ಅದರ ನೆರೆಯ ಮಿದ್ತ್ರೆ ಲೊವೆನ್‌ಬ್ರೇನ್‌ನದು 1968ರಿಂದ. ಮೊದಲ ನಾಲ್ಕು ದಶಕಗಳನ್ನು ಸರಾಸರಿ ಹಿಡಿದರೆ ಬ್ರೊಗರ್‌ಬ್ರೇನ್ ವರ್ಷಕ್ಕೆ ಹೆಚ್ಚುಕಡಿಮೆ ಅರ್ಧ ಮೀಟರ್ ನೀರಿನಷ್ಟು ತೆಳುವಾಗಿದೆ. ಬೀದರ ಜಿಲ್ಲೆಯ ವರ್ಷದ ಮಳೆ 850 ಮಿಲಿಮೀಟರಿನ ಆಸುಪಾಸು. ನಮಗೆ ಒಂದು ವರ್ಷ ಬೀಳುವ ಮಳೆಯ ಅರ್ಧಕ್ಕೂ ಮಿಕ್ಕಿ ನೀರನ್ನು ಆ ಹಿಮನದಿ ಪ್ರತಿ ವರ್ಷ ತನ್ನ ಗಂಟಿನಿಂದ ಕಳೆದುಕೊಂಡಿತೆಂದರೆ, ಬರ ಕಂಡ ನಮ್ಮ ರೈತನಿಗೆ ಬೇರೆ ವ್ಯಾಖ್ಯಾನ ಬೇಡ.

ಇದೇ ನಿ-ಓಲೆಸುಂಡಿನಲ್ಲಿ 2008ರ ಜುಲೈ 1ರಂದು ಭಾರತದ ‘ಹಿಮಾದ್ರಿ’ ಕೇಂದ್ರ ತೆರೆಯಿತು. ನಮ್ಮ ದೇಶದ ತಜ್ಞರೂ ಅಲ್ಲಿಯ ಹಿಮನದಿಯಲ್ಲಿ ಕೋಲು ನೆಟ್ಟು ಅಳೆದಿದ್ದಾರೆ. ಹಿಮಾಚಲದ ಲಾಹೋಲ್ ಕಣಿವೆಯ ಛೋಟಾ ಶಿಗ್ರಿಯಲ್ಲಿ 2002ರಿಂದ ಅಳತೆ ನಡೆದಿದೆ. ಅಲ್ಲಿ ನೆಟ್ಟದ್ದು ನಮ್ಮ ಪರಿಚಯದ ಬಿದಿರು, ಎರಡೆರಡು ಮೀಟರಿನ ತುಂಡುಗಳನ್ನು ತಂತಿಯಿಂದ ಜೋಡಿಸಿದ್ದು. ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದ ದಿವೇಚಾ ಕೇಂದ್ರದವರು ಹಿಮಾಲಯದ ಹಿಮನದಿಗಳನ್ನು ಉಪಗ್ರಹದ ಚಿತ್ರಗಳಿಂದ ಅಭ್ಯಸಿಸುತ್ತಾರೆ. ಉಪಗ್ರಹದ ಕಣ್ಣು ವಿಶಾಲವಾದುದು, ಒಪ್ಪೋಣ. ಆದರೂ ಅದು ಕಂಡದ್ದು ಸರಿಯೇ ಎಂದು ತಾಳೆ ನೋಡಲು ನೆಲದ ಮೇಲಿನ ಅಳತೆ ಬೇಕೇ ಬೇಕು. ನಮ್ಮ ಬಾವಿಗಳ ಮಾತೂ ಹಾಗೆಯೇ: ಕೇಂದ್ರೀಯ ಅಂತರ್ಜಲ ಮಂಡಳಿಯವರು ಆಯ್ದ ಬಾವಿಗಳಿಗೆ ವರ್ಷಕ್ಕೆ ನಾಲ್ಕು ಸಲ ಅಳತೆಯ ಪಟ್ಟಿ ಇಳಿಬಿಡುತ್ತಾರೆ. ಒಂದು ಸಲದ ಅಳತೆಗೆ ಬೆಲೆಯಿಲ್ಲ. ಮೂವತ್ತು ವರ್ಷ ಬಿಡದೆ ಅಳೆದರೆ ಮಾತ್ರ, ಮಳೆ ಕೈಕೊಟ್ಟ ವರ್ಷದ ಇಳಿತ ಯಾವುದು, ನಾವು ಕೊಳವೆಬಾವಿ ಕೊರೆದು ಮಾಡಿಕೊಂಡ ಇಳಿತ ಯಾವುದು ಎಂದು ಬಿಡಿಸಿ ನೋಡಲು ದಾರಿಯಾಗುತ್ತದೆ.

ಬಿಡದೆ ಅಳೆಯುವುದೂ ಎಲ್ಲೆಡೆ ಕೈಗೂಡದು. ದಕ್ಷಿಣ ಅಮೆರಿಕದ ಬೊಲಿವಿಯಾದಲ್ಲಿ ಚಕಲ್ತಾಯ ಎಂಬ ಸಣ್ಣ ಹಿಮನದಿಯೊಂದಿತ್ತು. 1991ರಲ್ಲಿ ಅದರ ಅಳತೆ ಮೊದಲಾಯಿತು. ವರ್ಷ ವರ್ಷ ಜನ ಬಂದು ನೋಡಿ ಬರೆದುಕೊಂಡು ಹೋದರು. 2009ರ ಹೊತ್ತಿಗೆ ಕೋಲು ನೆಡಲು ಅಲ್ಲಿ ಮಂಜೇ ಇರಲಿಲ್ಲ.