ಗುಡೇಕೋಟೆಯ ಗಡಿ ಮತ್ತು ಒಬ್ಬ ಲಾಯರ್



ಇವತ್ತು ನವೆಂಬರ್ 1. ಬೆಳಗ್ಗೆಯಿಂದ ಎಲ್ಲ ಚಾನೆಲ್‌ಗಳಲ್ಲೂ ಹಳದಿ-ಕೆಂಪು ಬಾವುಟ, ಮೆರವಣಿಗೆ, ಡೊಳ್ಳು ಕುಣಿತ ನೋಡಿದ್ದೀರಿ. ನಮ್ಮ ಚಾನೆಲ್‌ನಲ್ಲೂ ಅದೇ. ನಾನೀಗ ನಿಮಗೆ ಒಬ್ಬ ಲಾಯರ್ ಕಥೆ ಹೇಳ್ತೀನಿ. ಅದಕ್ಕೆ ಮೊದಲು ಗುಡೇಕೋಟೆಗೆ ಹೋಗಿಬರೋಣ.

ಗುಡೇಕೋಟೆ ಕೂಡ್ಲಿಗಿ ತಾಲ್ಲೂಕಿನ ಊರು, ನಮ್ಮಮ್ಮನ ತವರು. ಬಂಡೆಗಲ್ಲಿನ ಬೆಟ್ಟ, ಪಾಳೇಗಾರರ ಕೋಟೆ, ಕರಡಿಧಾಮ. ಒನಕೆ ಓಬವ್ವ ನಮ್ಮೂರ ಮಗಳು ಅಂತ ಊರಿನವರು ಹೆಮ್ಮೆಯಿಂದ ಹೇಳ್ತಾರೆ. ಕಳೆದ ತಿಂಗಳು ಹೋದಾಗ ಎಂಬತ್ತು ದಾಟಿದ ನಮ್ಮ ತಾತ, ಅಂದ್ರೆ ಅಮ್ಮನ ಚಿಕ್ಕಪ್ಪ, ಕಟ್ಟೆ ಮೇಲೆ ಕೂತು ಮೊಳಕಾಲ್ಮೂರು ಕಡೆ ಕೈ ತೋರಿಸಿದರು. "ನಾ ಸಣ್ಣಾವಿದ್ದಾಗ ಅದು ಬ್ಯಾರೆ ಸರ್ಕಾರ ಕಣಪ್ಪಾ. ಮಹಾರಾಜರದು. ಇತ್ಲಾಗೆ ನಮ್ದು ಮದ್ರಾಸು. ಒಂದು ಚೀಲ ಜೋಳ ದಾಟಿಸಬೇಕಂದ್ರೂ ನಮ್ಮಪ್ಪ ಹೆದರ್ತಿದ್ದ" ಅಂದರು.

ಇಂಥದ್ದೇ ಗಡಿಯ ಪಕ್ಕದಲ್ಲಿ, ಆಗಿನ ಮದ್ರಾಸ್ ಪ್ರಾಂತ್ಯದ ಬಳ್ಳಾರಿ ಜಿಲ್ಲೆಗೆ ಸೇರಿದ್ದ ಹರಪನಹಳ್ಳಿ ಸೀಮೆಯ ಹಲುವಾಗಲು ಅನ್ನೋ ಹಳ್ಳಿಯಲ್ಲಿ, 1902ರ ಡಿಸೆಂಬರ್ 10ರಂದು ಒಬ್ಬ ಹುಡುಗ ಹುಟ್ಟಿದ. ಐದು ವರ್ಷಕ್ಕೇ ತಂದೆ ತೀರಿಕೊಂಡರು. ಮನೆಯಲ್ಲಿ ಬಡತನ, ತಾಯಿಯ ತಂದೆಯ ಆಸರೆ. ಹುಡುಗ ಓದಲು ಗಡಿ ದಾಟಿ ಮೈಸೂರು ಸೀಮೆಗೆ ಬಂದ. ದಾವಣಗೆರೆ, ಚಿತ್ರದುರ್ಗ, ಆಮೇಲೆ ಬೆಂಗಳೂರಿನ ಸೆಂಟ್ರಲ್ ಕಾಲೇಜು. 1924ರಲ್ಲಿ ಬಿ.ಎ. ಆಯ್ತು. ಪುಣೆಯ ಲಾ ಕಾಲೇಜಿಗೆ ಹೋಗಿ 1926ರಲ್ಲಿ ಕಾನೂನು ಪದವಿ ಪಡೆದು, ಚಿತ್ರದುರ್ಗದಲ್ಲಿ ಕರಿ ಕೋಟು ಹಾಕಿದ.

ಎಸ್. ನಿಜಲಿಂಗಪ್ಪ. ಹೆಸರು ಎಲ್ಲರಿಗೂ ಗೊತ್ತು. ಕಾಲೇಜಿನ ಬೋರ್ಡ್ ಮೇಲೆ, ರಸ್ತೆಯ ಬೋರ್ಡ್ ಮೇಲೆ ಓದಿರ್ತೀವಿ. ಮನುಷ್ಯ ಗೊತ್ತಾ? ನನಗಂತೂ ಇಂಜಿನಿಯರಿಂಗ್ ಮುಗಿಸಿ ಈ ವೃತ್ತಿಗೆ ಬರೋವರೆಗೂ ಗೊತ್ತಿರಲಿಲ್ಲ. ಮೊದಲ ಮುಖ್ಯಮಂತ್ರಿ, ಒಂದು ಮಾರ್ಕಿನ ಪ್ರಶ್ನೆ, ಅಷ್ಟೇ.

ಅಮೆರಿಕ ಕಟ್ಟಿದ ಜಾನ್ ಆಡಮ್ಸ್, ಜೆಫರ್ಸನ್ ಲಾಯರ್‌ಗಳು. ನಮ್ಮ ಗಾಂಧಿ, ಪಟೇಲ್, ಅಂಬೇಡ್ಕರ್ ಕೂಡ ಲಾಯರ್‌ಗಳೇ. ಆ ಪೀಳಿಗೆಯಲ್ಲಿ ವಕೀಲಿಯಿಂದ ರಾಜಕೀಯಕ್ಕೆ ಬಂದವರಿಗೆ ಬರವಿರಲಿಲ್ಲ. ಆದರೆ ನಿಜಲಿಂಗಪ್ಪನವರ ಪಾಲಿಗೆ ರಾಜಕೀಯ ವಕೀಲಿಯ ಮುಂದಿನ ಮೆಟ್ಟಿಲಾಗಿರಲಿಲ್ಲ. ಅದು ವಕೀಲಿಯನ್ನೇ ತಿಂದುಹಾಕಿತು. 1936ರ ಹೊತ್ತಿಗೆ ಡಾ. ನಾ.ಸು. ಹರ್ಡೀಕರ್ ಪ್ರಭಾವದಿಂದ ಕಾಂಗ್ರೆಸ್ ಸ್ವಯಂಸೇವಕರಾದರು. 1939ರಲ್ಲಿ ಚಿತ್ರದುರ್ಗದ ಹತ್ತಿರ ತುರುವನೂರಿನಲ್ಲಿ ಸತ್ಯಾಗ್ರಹ. ಹೆಂಡದ ವಿರುದ್ಧ ಈಚಲು ಮರಕ್ಕೆ ಕೊಡಲಿ ಹಾಕಿದ ಚಳವಳಿ ಅದು. ಹೆಂಗಸರೂ ಬೀದಿಗಿಳಿದಿದ್ದರು. ಜೈಲಾಯಿತು, ವಕೀಲಿಯ ಸನ್ನದೂ ಹೋಯಿತು. ಅನ್ನ ಕೊಡುವ ಕಾಗದ ಸ್ವಾಮಿ ಅದು. ಇವತ್ತು ಟ್ವೀಟ್ ಮಾಡಿ ಹೋರಾಟಗಾರ ಅನ್ನಿಸಿಕೊಳ್ಳೋ ನಮಗೆ ಅದರ ತೂಕ ಅರ್ಥ ಆಗೋದು ಕಷ್ಟ.

ಈಗ ಒಂದು ಸ್ವಾರಸ್ಯ ಕೇಳಿ. ಸಂವಿಧಾನ ರಚನಾ ಸಭೆಯ ಸದಸ್ಯರ ಪಟ್ಟಿಯಲ್ಲಿ ನಿಜಲಿಂಗಪ್ಪನವರ ಹೆಸರಿದೆ. ಎಲ್ಲಿ? ಮೈಸೂರಿನ ಪಟ್ಟಿಯಲ್ಲಲ್ಲ, ಮದ್ರಾಸಿನದರಲ್ಲೂ ಅಲ್ಲ. ಮುಂಬಯಿ ಪಟ್ಟಿಯಲ್ಲಿ! ಹುಟ್ಟಿದ್ದು ಮದ್ರಾಸ್ ಪ್ರಾಂತ್ಯ, ವಕೀಲಿ ಮಾಡಿದ್ದು ಮೈಸೂರು ಸಂಸ್ಥಾನ, ಸಂವಿಧಾನ ಬರೆಯಲು ಕೂತಿದ್ದು ಮುಂಬಯಿ ಪ್ರತಿನಿಧಿಯಾಗಿ. 1920ರ ನಾಗಪುರ ಅಧಿವೇಶನದ ನಂತರ ಕಾಂಗ್ರೆಸ್ ಭಾಷೆಯ ಆಧಾರದ ಮೇಲೆ ಪ್ರಾಂತ್ಯ ಸಮಿತಿಗಳನ್ನು ಮಾಡಿಕೊಂಡಿತ್ತು. ಸರ್ಕಾರದ ನಕಾಶೆಯಲ್ಲಿ ಕನ್ನಡನಾಡು ಹರಿದು ಹಂಚಿಹೋಗಿದ್ದಾಗ ಪಕ್ಷದ ನಕಾಶೆಯಲ್ಲಿ ಕರ್ನಾಟಕ ಅನ್ನೋದೊಂದಿತ್ತು. ನಿಜಲಿಂಗಪ್ಪ ಆ ಸಮಿತಿಯ ಅಧ್ಯಕ್ಷರಾಗಿದ್ದರು. ಯಾವ ಕಡೆಯವರು ಅಂತ ಕೇಳಿದರೆ ಆ ಮನುಷ್ಯ ಏನು ಹೇಳಬೇಕಿತ್ತು?

1952ರಲ್ಲಿ ಚಿತ್ರದುರ್ಗದಿಂದ ಮೊದಲ ಲೋಕಸಭೆಗೆ ಗೆದ್ದರು. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿದ ದಿನ, ಬಳ್ಳಾರಿ ಜಿಲ್ಲೆ ಒಡೆಯಿತು. ಆದೋನಿ, ಆಲೂರು, ರಾಯದುರ್ಗ ಆಂಧ್ರಕ್ಕೆ. ಕೂಡ್ಲಿಗಿ, ಹರಪನಹಳ್ಳಿ ಸೇರಿದಂತೆ ಉಳಿದದ್ದು ಮೈಸೂರಿಗೆ. ನಮ್ಮ ತಾತ ಜೋಳದ ಚೀಲದ ಭಯ ಬಿಟ್ಟಿದ್ದು ಅವತ್ತು. ನಿಜಲಿಂಗಪ್ಪನವರಿಗೆ ಆಗ 50 ವರ್ಷ. ಹುಟ್ಟಿದೂರೂ ವಕೀಲಿಯ ಊರೂ ಒಂದೇ ರಾಜ್ಯಕ್ಕೆ ಬರಲು ಅಷ್ಟು ಕಾಲ ಹಿಡಿಯಿತು.

ಮೂರು ವರ್ಷ ಕಳೆದು, 1956ರ ನವೆಂಬರ್ 1ರಂದು ಅವರು ಮುಖ್ಯಮಂತ್ರಿ. ಹಳೇ ಮೈಸೂರು, ಮುಂಬಯಿಯಿಂದ ಬಂದ ನಾಲ್ಕು ಜಿಲ್ಲೆ, ಹೈದರಾಬಾದಿನಿಂದ ಬಂದ ಮೂರು, ಮದ್ರಾಸಿನ ದಕ್ಷಿಣ ಕನ್ನಡ ಮತ್ತು ಕೊಳ್ಳೇಗಾಲ, ಜೊತೆಗೆ ಕೊಡಗು. ಎಲ್ಲರೂ ಖುಷಿಯಾಗಿದ್ದರು ಅಂದ್ಕೋಬೇಡಿ. ಹಳೇ ಮೈಸೂರಿನಲ್ಲಿ ದೊಡ್ಡ ವಿರೋಧ ಇತ್ತು. ಆ ಹಿಂದುಳಿದ ಜಿಲ್ಲೆಗಳ ಭಾರ ನಮಗ್ಯಾಕೆ ಅನ್ನೋ ಮಾತು, ಒಳಗೊಳಗೇ ಜಾತಿ ಲೆಕ್ಕ. ಎರಡು ಬೇರೆ ಬೇರೆ ವಿದ್ಯುತ್ ಜಾಲಗಳನ್ನು ಸುಮ್ಮನೆ ಸ್ವಿಚ್ ಒತ್ತಿ ಜೋಡಿಸೋಕಾಗಲ್ಲ, ಮೊದಲು ಎರಡರ ಲಯ ಹೊಂದಿಸಬೇಕು ಅಂತ ನಮಗೆ ಲ್ಯಾಬಿನಲ್ಲಿ ಹೇಳಿಕೊಡ್ತಿದ್ದರು. ಇಲ್ಲಿ ಮೊದಲು ಸ್ವಿಚ್ ಒತ್ತಿಯಾಗಿತ್ತು, ಲಯ ಆಮೇಲೆ ಹೊಂದಿಸಬೇಕಿತ್ತು. ಐದು ಕಡೆಯ ಕಾನೂನು, ಐದು ಕಡೆಯ ಕಂದಾಯ ಪದ್ಧತಿ. ಅವರ ಎರಡನೇ ಅವಧಿಯಲ್ಲಿ, 1964ರಲ್ಲಿ, ಇಡೀ ರಾಜ್ಯಕ್ಕೆ ಒಂದೇ ಭೂಕಂದಾಯ ಕಾಯ್ದೆ ಬಂತು. ನಿಮ್ಮ ಹೊಲದ ಪಹಣಿ ಇವತ್ತಿಗೂ ಅದೇ ಕಾಯ್ದೆಯ ನೆರಳಲ್ಲಿದೆ. ಶರಾವತಿಯ ವಿದ್ಯುತ್ ಬಗ್ಗೆ ಎಲ್ಲರೂ ಹೇಳ್ತಾರೆ. ನನಗೆ ಈ ಪಹಣಿಯ ಕೆಲಸವೇ ದೊಡ್ಡದು ಅನ್ಸುತ್ತೆ. ಅದು ಲಾಯರ್ ತಲೆಯ ಕೆಲಸ, ಫೋಟೋ ಬರಲ್ಲ.

ಕುರ್ಚಿ ಗಟ್ಟಿಯಾಗಿತ್ತಾ? ಇಲ್ಲ. 1958ರಲ್ಲಿ ಪಕ್ಷದೊಳಗಿನ ಜಗಳಕ್ಕೆ ರಾಜೀನಾಮೆ, ಬಿ.ಡಿ. ಜತ್ತಿ ಬಂದರು. 1962ರಲ್ಲಿ ಹೊಸದುರ್ಗದ ಜನ ಸೋಲಿಸಿದರು. ಎಸ್.ಆರ್. ಕಂಠಿ ಮೂರು ತಿಂಗಳು ಕುರ್ಚಿ ನೋಡಿಕೊಂಡರು, ಇವರು ಬಾಗಲಕೋಟೆಯಿಂದ ಗೆದ್ದು ಬಂದರು. ಮತ್ತೆ ಗಡಿ! 1966ರಲ್ಲಿ ಮಹಾರಾಷ್ಟ್ರದ ಒತ್ತಾಯಕ್ಕೆ ಮಹಾಜನ ಆಯೋಗ ಬಂತು, 1967ರಲ್ಲಿ ವರದಿ ಕೊಟ್ಟಿತು. ಬೆಳಗಾವಿ ನಮ್ಮಲ್ಲೇ ಇರಲಿ, ಕಾಸರಗೋಡಿನ ಚಂದ್ರಗಿರಿ ಹೊಳೆಯ ಉತ್ತರ ಭಾಗ ಮೈಸೂರಿಗೆ ಬರಲಿ ಅಂತ. ಕೇಳಿದವರೇ ತಿರಸ್ಕರಿಸಿದರು. ಬೆಳಗಾವಿ ಉಳಿಯಿತು, ಕಾಸರಗೋಡು ಬರಲಿಲ್ಲ.

1968ರಲ್ಲಿ ಅವರು ಕಾಂಗ್ರೆಸ್‌ನ ರಾಷ್ಟ್ರೀಯ ಅಧ್ಯಕ್ಷರು. 1969ರ ನವೆಂಬರ್ 12ರಂದು ಪ್ರಧಾನಿ ಇಂದಿರಾ ಗಾಂಧಿಯವರನ್ನೇ ಪಕ್ಷದಿಂದ ಹೊರಹಾಕಿದರು! ನನಗೆ ಇಲ್ಲಿ ಅವರ ಜೊತೆ ತಕರಾರಿದೆ. ರಾಷ್ಟ್ರಪತಿ ಚುನಾವಣೆಯಲ್ಲಿ ಸಂಜೀವ ರೆಡ್ಡಿಯವರಿಗಾಗಿ ಜನಸಂಘ, ಸ್ವತಂತ್ರ ಪಕ್ಷದವರ ಬಾಗಿಲು ತಟ್ಟಿದ್ದು ಇವರೇ. ಆಮೇಲೆ ಶಿಸ್ತಿನ ಮಾತಾಡಿದರೆ ಜನ ಒಪ್ಪುತ್ತಾರಾ? ಒಪ್ಪಲಿಲ್ಲ. 1971ರ ಚುನಾವಣೆಯಲ್ಲಿ ಅವರ ಬಣ ನೆಲಕಚ್ಚಿತು. ನಿಯಮದ ಪುಸ್ತಕ ಕೈಯಲ್ಲಿತ್ತು, ಜನ ಕೈಲಿರಲಿಲ್ಲ. ಆಮೇಲೂ ಸುಮಾರು 30 ವರ್ಷ ಬದುಕಿ, 2000ದ ಆಗಸ್ಟ್ 8ರಂದು ತೀರಿಕೊಂಡರು.

ಈ ಗಡಿಯ ಕಥೆ ಇವತ್ತು ಯಾಕೆ? ನಮ್ಮ ಮನೆಯಲ್ಲೇ ಆಗಿದೆ. ಹರಪನಹಳ್ಳಿ ತಾಲ್ಲೂಕನ್ನು 1997ರಲ್ಲಿ ದಾವಣಗೆರೆ ಜಿಲ್ಲೆಗೆ ಸೇರಿಸಿದರು. ಆಮೇಲೆ 371ಜೆ ಬಂತು, ಬಳ್ಳಾರಿ ಜಿಲ್ಲೆಯವರಿಗೆ ಸೀಟಿನಲ್ಲೂ ಕೆಲಸದಲ್ಲೂ ಮೀಸಲಾತಿ ಸಿಕ್ತು. ಗುಡೇಕೋಟೆಯ ನನ್ನ ಮಾವನ ಮಗನಿಗೆ ಸರ್ಟಿಫಿಕೇಟ್ ಸಿಕ್ತು. ಹರಪನಹಳ್ಳಿ ಕಡೆ ಕೊಟ್ಟಿರೋ ದೊಡ್ಡಮ್ಮನ ಮಗಳಿಗೆ ಸಿಗಲಿಲ್ಲ. ಅದೇ ಮಳೆ, ಅದೇ ಒಣ ಹೊಲ, ಹೆಚ್ಚುಕಮ್ಮಿ ಅದೇ ಮಾರ್ಕ್ಸ್. ಅವನು ಇಂಜಿನಿಯರ್ ಆದ, ಅವಳು ಡಿಪ್ಲೊಮಾಗೆ ನಿಂತಳು. 2018ರಲ್ಲಿ ತಾಲ್ಲೂಕು ಬಳ್ಳಾರಿಗೆ ವಾಪಸ್ ಬಂತು, ಅಷ್ಟೊತ್ತಿಗೆ ಅವಳ ಓದು ಮುಗಿದಿತ್ತು. 2021ರಲ್ಲಿ ಎರಡೂ ತಾಲ್ಲೂಕು ವಿಜಯನಗರ ಜಿಲ್ಲೆ ಸೇರಿದವು. ನಿಜಲಿಂಗಪ್ಪನವರ ಹಲುವಾಗಲು ಇದ್ದಲ್ಲೇ ಇದೆ. ವಿಳಾಸ ಮಾತ್ರ ಊರೂರು ಸುತ್ತಿ ಬಂದಿದೆ.

ಹೊರಡುವಾಗ ತಾತನ ಆಧಾರ್ ಕಾರ್ಡ್ ನೋಡಿದೆ. ಇನ್ನೂ ಬಳ್ಳಾರಿ ಜಿಲ್ಲೆ ಅಂತಲೇ ಇದೆ. "ತಾತಾ, ಇದನ್ನ ವಿಜಯನಗರ ಅಂತ ಮಾಡಿಸಿಕೊಡ್ಲಾ?" ಅಂತ ಕೇಳಿದೆ.

"ಇರ್ಲಿ ಬಿಡಪ್ಪಾ" ಅಂದರು. "ಇನ್ನೊಂದ್ಸಲ ಬದ್ಲು ಮಾಡಿದ್ಮ್ಯಾಗೆ ಒಟ್ಗೇ ಮಾಡ್ಸಿದ್ರಾತು."