ಮುಂದಿನ ಬಂಪರಿಗೊಂದು ಕಿವಿ

ಗ್ರೇಟರ್ ನೋಯ್ಡಾದಲ್ಲಿ ರಸ್ತೆಗಳು ಅಗಲ. ಆಲ್ಫಾ, ಬೀಟಾ, ಗಾಮಾ ಎಂದು ಗ್ರೀಕ್ ಅಕ್ಷರಗಳ ಹೆಸರಿಟ್ಟ ಸೆಕ್ಟರುಗಳಲ್ಲಿ ಕಾರು ಓಡಿಸುವುದು ಬೆಂಗಳೂರಿನ ಗಲ್ಲಿಗಳಿಂದ ಬಂದವರಿಗೆ ಹಬ್ಬವೇ ಸರಿ. ಕಷ್ಟ ಶುರುವಾಗುವುದು ಸೊಸೈಟಿಯ ಗೇಟು ದಾಟಿದ ಮೇಲೆ. ಬೇಸ್‌ಮೆಂಟಿನಲ್ಲಿ ಹೆಜ್ಜೆಗೊಂದು ಕಂಬ, ಕಂಬದ ಮಗ್ಗುಲಲ್ಲಿ ಯಾರದೋ ಸ್ಕೂಟರು. ಮೇಲೆ ಟವರುಗಳ ನಡುವೆ ಸೈಕಲ್ ತುಳಿಯುವ ಮಕ್ಕಳು.

ಹಿಂದಕ್ಕೆ ಹೋಗುವಾಗ ಕಾರು ತಾನೇ ಪೀಂ ಪೀಂ ಎಂದು ಎಚ್ಚರಿಸುತ್ತದೆ. 2019ರ ಜುಲೈ 1ರ ನಂತರ ನಮ್ಮ ದೇಶದಲ್ಲಿ ತಯಾರಾದ ಕಾರುಗಳಿಗೆಲ್ಲ ಹಿಂದಿನ ಪಾರ್ಕಿಂಗ್ ಸೆನ್ಸರ್ ಕಡ್ಡಾಯ. ಮುಂದಿನದಕ್ಕೆ ಅಂಥ ಕಡ್ಡಾಯವಿಲ್ಲ. ಆದರೆ ಎತ್ತರದ ಬಾನೆಟ್ಟಿನ ಗಾಡಿಗಳು ಹೆಚ್ಚುತ್ತಿರುವ ಈ ದಿನಗಳಲ್ಲಿ ಮೂತಿಯ ಕೆಳಗೆ ಏನಿದೆ ಎಂಬುದು ಸೀಟಿನಲ್ಲಿ ಕೂತವರಿಗೆ ಕಾಣುವುದೇ ಇಲ್ಲ. ಹಾಗಾಗಿ ಹಲವರು ಕರೋಲ್ ಬಾಗ್‌ಗೋ ಕಶ್ಮೀರಿ ಗೇಟ್‌ಗೋ ಹೋಗಿ ಮುಂದಿನ ಬಂಪರಿಗೂ ಸೆನ್ಸರ್ ಹಾಕಿಸಿಕೊಂಡು ಬರುತ್ತಾರೆ. ಹಾಕಿಸುವ ಮುನ್ನ ನೀವು ತಿಳಿದಿರಬೇಕಾದ ನಾಲ್ಕು ಮಾತು ಇಲ್ಲಿವೆ.

ಮೊದಲು, ಇದು ಕೆಲಸ ಮಾಡುವ ಬಗೆ. ಬಾವಲಿ ಕತ್ತಲಲ್ಲಿ ದಾರಿ ಹುಡುಕುವ ಹಾಗೆಯೇ ಇದೂ. ನಮ್ಮ ಕಿವಿಗೆ ಕೇಳದ, ಸೆಕೆಂಡಿಗೆ ಸುಮಾರು 40 ಸಾವಿರ ಕಂಪನಗಳ ಶಬ್ದವನ್ನು ಸೆನ್ಸರ್ ಹೊರಡಿಸುತ್ತದೆ. ಅದು ಎದುರಿನ ವಸ್ತುವಿಗೆ ಬಡಿದು ಮರಳಲು ಎಷ್ಟು ಹೊತ್ತಾಯಿತು ಎಂಬುದರಿಂದ ದೂರವನ್ನು ಲೆಕ್ಕ ಹಾಕುತ್ತದೆ. ಶಬ್ದದ ವೇಗ ಹವೆಯ ಬಿಸಿಯನ್ನು ಅವಲಂಬಿಸಿದೆ. ಜನವರಿಯ 5 ಡಿಗ್ರಿ ಚಳಿಯಲ್ಲಿ ಅದು ಸೆಕೆಂಡಿಗೆ ಸುಮಾರು 334 ಮೀಟರ್. ಮೇ ತಿಂಗಳ 45 ಡಿಗ್ರಿಯಲ್ಲಿ ಸುಮಾರು 358. ಇದನ್ನು ಸರಿದೂಗಿಸದ ಅಗ್ಗದ ಪೆಟ್ಟಿಗೆ ಒಂದು ಮೀಟರಿನಲ್ಲಿ ಮೂರು ನಾಲ್ಕು ಸೆಂಟಿಮೀಟರ್ ತಪ್ಪು ತೋರಿಸಬಹುದು. ಅದು ದೊಡ್ಡದಲ್ಲ, ಆದರೆ ಪರದೆಯ ಅಂಕಿಯನ್ನು ನಂಬಿ ಕೊನೆಯ ಗೇಣಿನವರೆಗೂ ಹೋಗಬೇಡಿ.

ಎರಡನೆಯದು, ತೂತು. ಬಂಪರಿಗೆ ಒಮ್ಮೆ ಕೊರೆದ ತೂತು ಮತ್ತೆ ಮುಚ್ಚಿಕೊಳ್ಳುವುದಿಲ್ಲ. ಹೊರಗೆ ಕಾಣುವ ಪ್ಲಾಸ್ಟಿಕ್ಕಿನ ಹಿಂದೆ ಢಿಕ್ಕಿಯ ಪೆಟ್ಟು ತಡೆಯುವ ಅಡ್ಡ ತೊಲೆ ಇರುತ್ತದೆ. ಸೆನ್ಸರಿನ ಬೆನ್ನು ಅದಕ್ಕೆ ತಾಗಬಾರದು. ಆ ತೊಲೆಯನ್ನಂತೂ ಯಾವ ಕಾರಣಕ್ಕೂ ಕೊರೆಯಬಾರದು. ಆದ್ದರಿಂದ ಬಂಪರನ್ನು ಕಳಚಿ, ಹಿಂದೆ ಜಾಗವಿದೆಯೇ ಎಂದು ನೋಡಿಯೇ ಗುರುತು ಹಾಕಿಸಿ. ನೆಲದಿಂದ ಸುಮಾರು ಅರ್ಧ ಮೀಟರ್ ಎತ್ತರ ಸಾಮಾನ್ಯವಾಗಿ ಸರಿ. ಕಿಟ್‌ನ ಜೊತೆ ಬರುವ ಹಾಳೆಯಲ್ಲಿ ಖಚಿತ ಅಳತೆ ಇರುತ್ತದೆ. ಹಾರ್ನ್, ರೇಡಿಯೇಟರ್ ಫ್ಯಾನ್‌ಗಳಿಂದ ದೂರವಿರಲಿ. ಕಿಟ್‌ನಲ್ಲೇ ಕೊಡುವ ಬಿಲ್ಲೆಯಿಂದಲೇ ಕೊರೆಯಲಿ. ಸೆನ್ಸರಿನ ಹಿಂದೆ ಮೇಲ್ಭಾಗ ಯಾವುದೆಂದು ತೋರಿಸುವ ಬಾಣದ ಗುರುತಿರುತ್ತದೆ. ಅದನ್ನು ಗಮನಿಸದೆ ಓರೆಯಾಗಿ ಕೂರಿಸಿದರೆ ಸೆನ್ಸರ್ ನೆಲವನ್ನೇ ಅಡ್ಡಿಯೆಂದು ತಿಳಿದು ಸದಾ ಕೂಗುತ್ತದೆ.

ಮೂರನೆಯದು, ವೈರು. ಕೆಲಸಕ್ಕೆ ಮುಂಚೆ ಬ್ಯಾಟರಿಯ ನೆಗೆಟಿವ್ ತಂತಿ ಬಿಚ್ಚಿಸಿ. ಏರ್‌ಬ್ಯಾಗಿನ ವೈರುಗಳಿಗೆ ಸಾಮಾನ್ಯವಾಗಿ ಹಳದಿ ಬಣ್ಣ. ಅವುಗಳ ತಂಟೆಗೆ ಯಾರೂ ಹೋಗಬಾರದು. ಎಂಜಿನ್ನಿನ ಕಡೆಯಿಂದ ಒಳಕ್ಕೆ ವೈರು ಎಳೆಯುವಾಗ ತಗಡಿನ ಅಂಚಿಗೆ ಉಜ್ಜದಂತೆ ರಬ್ಬರ್ ಬಿರಡೆಯ ಮೂಲಕವೇ ಬರಲಿ. ಉಜ್ಜಿ ಸವೆದ ವೈರು ಶಾರ್ಟ್ ಆಗಿ ಬೆಂಕಿಗೂ ಕಾರಣವಾದೀತು. ಬೇರೆ ಫ್ಯೂಸ್ ಹಾಕಿಸುವುದನ್ನು ಮರೆಯಬೇಡಿ. ಅಂಗಡಿಯ ಉಸ್ತಾದರಿಗೆ ನಗುನಗುತ್ತಲೇ ಹೇಳಿ: "ಭಾಯಿಸಾಬ್, ತಾರ್ ಮತ್ ಕಾಟಿಯೇ." ಕಂಪನಿಯ ವೈರನ್ನು ಕತ್ತರಿಸಿದರೆ ವಾರಂಟಿಗೆ ತೊಂದರೆ ಬರಬಹುದು. ಹೊಸ ಕಾರಾದರೆ ಸರ್ವಿಸ್ ಸೆಂಟರಿನಲ್ಲಿ ಮೊದಲೇ ಕೇಳಿಕೊಳ್ಳಿ. ಬಂಪರಿನಲ್ಲಿ ರಾಡಾರ್ ಇರುವ ಕಾರುಗಳಲ್ಲಿ ಬಜಾರಿನ ಕೈಕೆಲಸ ಬೇಡವೇ ಬೇಡ.

ನಾಲ್ಕನೆಯದು, ಇದು ಯಾವಾಗ ಕೂಗಬೇಕು ಎಂಬುದು. ಹಿಂದಿನ ಸೆನ್ಸರಿಗೆ ರಿವರ್ಸ್ ಗೇರೇ ಸೂಚನೆ. ಮುಂದಕ್ಕೆ ಹಾಗೊಂದು ಸೂಚನೆಯಿಲ್ಲ. ಸದಾ ಚಾಲೂ ಇಟ್ಟರೆ ಪರಿ ಚೌಕದ ಸಂಜೆಯ ದಟ್ಟಣೆಯಲ್ಲಿ ತಲೆ ಚಿಟ್ಟು ಹಿಡಿಯುವಷ್ಟು ಕಿರುಚುತ್ತದೆ. ಎರಡು ದಿನ ಸಹಿಸಿ ಮೂರನೆಯ ದಿನ ನೀವೇ ಅದರ ಬಾಯಿ ಮುಚ್ಚಿಸುತ್ತೀರಿ. ಬ್ರೇಕ್ ಒತ್ತಿದಾಗ ಎಚ್ಚೆತ್ತು ಕೆಲವು ಸೆಕೆಂಡು ಕೆಲಸ ಮಾಡುವ ಜೋಡಣೆ, ಜೊತೆಗೆ ಡ್ಯಾಶ್‌ಬೋರ್ಡಿನಲ್ಲಿ ದೀಪವಿರುವ ಒಂದು ಸ್ವಿಚ್ಚು ಇದ್ದರೆ ಒಳ್ಳೆಯದು. ಸ್ವಿಚ್ಚು ಆಫ್ ಇದೆ ಎಂಬುದು ಕಣ್ಣಿಗೆ ಕಾಣಬೇಕು. ಇಲ್ಲವಾದರೆ ಮೌನವನ್ನೇ "ದಾರಿ ಖಾಲಿ" ಎಂದು ತಿಳಿಯುವ ಅಪಾಯವಿದೆ.

ಅಂಗಡಿ ಬಿಡುವ ಮುನ್ನ ಪರೀಕ್ಷೆ ಮಾಡಿ. ಗೋಡೆಯ ಮುಂದೆ, ಪ್ಲಾಸ್ಟಿಕ್ ಬಕೆಟಿನ ಮುಂದೆ, ಪೊರಕೆಯ ಕೋಲಿನ ಮುಂದೆ, ಕೊನೆಗೆ ಒಂದು ದಿಂಬಿನ ಮುಂದೆ ನೋಡಿ. ಗೋಡೆಗೆ ತಕ್ಷಣ ಕೂಗುತ್ತದೆ. ತೆಳು ಕೋಲಿಗೆ ತಡವರಿಸಬಹುದು. ಮೆತ್ತನೆಯ ದಿಂಬು ಶಬ್ದವನ್ನು ಹೀರಿಕೊಳ್ಳುವುದರಿಂದ ಸುಮ್ಮನೇ ಇದ್ದುಬಿಡಬಹುದು. ಗಿಡ್ಡ ಕಲ್ಲು, ಎರಡು ಗೂಟಗಳ ನಡುವೆ ಕಟ್ಟಿದ ಸರಪಳಿ ಕೂಡ ಅದರ ಲೆಕ್ಕಕ್ಕೆ ಸಿಗದೆ ಹೋಗಬಹುದು.

ದಿಂಬಿನ ಮಾತು ಸುಮ್ಮನೆ ಹೇಳಿದ್ದಲ್ಲ. ಉಣ್ಣೆಯ ಸ್ವೆಟರು, ದಪ್ಪ ಜಾಕೆಟ್ಟು ತೊಟ್ಟು ಚೆಂಡಿನ ಹಿಂದೆ ಬಗ್ಗಿದ ಮಗು ಆ ಸೆನ್ಸರಿಗೆ ದಿಂಬಿನಂತೆಯೇ. ಇಲ್ಲಿನ ಚಳಿಗಾಲದಲ್ಲಿ ಮಂಜಿನ ಹನಿಗಳು ಸೆನ್ಸರಿನ ಮುಖದ ಮೇಲೆ ಕೂತು ಸುಳ್ಳು ಕೂಗನ್ನೂ ಎಬ್ಬಿಸುತ್ತವೆ. ಬೆಳಿಗ್ಗೆ ಗಾಜು ಒರೆಸುವಾಗ ಅವನ್ನೂ ಒರೆಸಿ. ಗಾಡಿ ಹತ್ತುವ ಮುನ್ನ ಸುತ್ತ ಒಂದು ಪ್ರದಕ್ಷಿಣೆ ಹಾಕುವ ಅಭ್ಯಾಸಕ್ಕೆ ಮಾತ್ರ ಯಾವ ಕಿಟ್ಟೂ ಬದಲಿಯಲ್ಲ.

ಇನ್ನೊಂದು ಮಾತು. ಸೆನ್ಸರಿನ ಬದಲು ಕಬ್ಬಿಣದ ಗಾರ್ಡ್ ಹಾಕಿಸಿ ಎಂದು ಯಾರಾದರೂ ಸಲಹೆ ಕೊಟ್ಟರೆ ಒಪ್ಪಬೇಡಿ. ಕೇಂದ್ರ ಸಾರಿಗೆ ಸಚಿವಾಲಯ 2017ರ ಡಿಸೆಂಬರಿನಲ್ಲೇ ಅದನ್ನು ಕಾನೂನಿಗೆ ವಿರುದ್ಧವೆಂದು ರಾಜ್ಯಗಳಿಗೆ ತಿಳಿಸಿದೆ. ಆ ಗಾರ್ಡ್ ಉಳಿಸುವುದು ನಿಮ್ಮ ಬಂಪರಿನ ಬಣ್ಣವನ್ನು; ಪೆಟ್ಟು ಬೀಳುವುದು ಎದುರಿಗಿರುವವರ ಮೂಳೆಗೆ.

ಸೆನ್ಸರ್ ಹಾಕಿಸಿ, ಖಂಡಿತ ಹಾಕಿಸಿ. ಅದು ಗಾಡಿಗೆ ಒಂದು ಕಿವಿ ಕೊಡುತ್ತದೆ. ಕಣ್ಣು ನಿಮ್ಮದೇ ಇರಲಿ.