ಹವಳಕ್ಕೆ ಎಂಥ ಬೆಳಕು, ನಮ್ಮ ಮೀನಿಗೆ ಎಂಥ ಬೆಳಕು?

ಜಹೀರಾಬಾದ್, ನಾರಾಯಣಖೇಡ, ತಾಂಡೂರು ಕಡೆಯ ಕನ್ನಡ ಬಂಧುಗಳೇ, ಇವತ್ತು ಒಂದು ಹೊಸ ವಿಷಯ ಮಾತಾಡೋಣ.

ಪಟ್ಟಣದ ಹೋಟೆಲಿನಲ್ಲೋ ಆಸ್ಪತ್ರೆಯಲ್ಲೋ ನೀವು ಮೀನಿನ ಗಾಜಿನ ತೊಟ್ಟಿ ನೋಡಿರಬಹುದು. ಒಳಗೆ ಬಣ್ಣ ಬಣ್ಣದ ಮೀನು. ಮೇಲೆ ಒಂದು ದೀಪ. ಮಕ್ಕಳು "ನಮ್ಮನಿಗೂ ಬೇಕು" ಅಂತ ಹಟ ಮಾಡುತ್ತಾರೆ. ಫೋನಿನಲ್ಲಿ ಇನ್ನೊಂದು ತೊಟ್ಟಿ ತೋರಿಸುತ್ತಾರೆ. ಅದರಲ್ಲಿ ನೀಲಿ ಬೆಳಕು, ಹೂವಿನಂತೆ ಅರಳಿದ ಹವಳ. "ಅಂಥದ್ದೇ ದೀಪ ತರೋಣ, ಹವಳಾನೂ ತರೋಣ" ಅನ್ನುತ್ತಾರೆ. ತರಬಹುದೇ? ಎಂಥ ದೀಪ ಬೇಕು? ನೋಡೋಣ ಬನ್ನಿ.

ಹವಳ ಅಂದರೆ ಏನು?

ಹವಳ ಅಂದರೆ ನಮಗೆ ಉಂಗುರದ ಕೆಂಪು ಹವಳ ನೆನಪಾಗುತ್ತದೆ. ಅದು ಕಲ್ಲು ಅಂತ ತಿಳಿದಿದ್ದೇವೆ. ಅದು ಕಲ್ಲಲ್ಲ, ಗಿಡವೂ ಅಲ್ಲ. ಹವಳ ಒಂದು ಪ್ರಾಣಿ. ಸಮುದ್ರದಲ್ಲಿ ಸಾವಿರಾರು ಸಣ್ಣ ಪ್ರಾಣಿಗಳು ಒಂದಕ್ಕೊಂದು ಅಂಟಿಕೊಂಡು ಬದುಕುತ್ತವೆ. ತಮಗೆ ಸುಣ್ಣದ ಮನೆ ಕಟ್ಟಿಕೊಳ್ಳುತ್ತವೆ. ತಾಂಡೂರಿನ ಹಾಸುಗಲ್ಲು ನಿಮಗೆ ಗೊತ್ತು. ಅದು ಸುಣ್ಣದ ಕಲ್ಲು. ಹವಳ ಕಟ್ಟುವ ಮನೆಯೂ ಅದೇ ಜಾತಿಯ ಸುಣ್ಣ.

ಹೀಗೆ ಮನೆಯ ಮೇಲೆ ಮನೆ ಬೆಳೆದು ದಿಬ್ಬ ಆಗುತ್ತದೆ. ಲಕ್ಷದ್ವೀಪದ ನಡುಗಡ್ಡೆಗಳು ಆದದ್ದು ಹವಳದಿಂದಲೇ. ಕರ್ನಾಟಕದಲ್ಲಿ ಮುರುಡೇಶ್ವರದ ಹತ್ತಿರ ಕಡಲಿನೊಳಗೆ ನೇತ್ರಾಣಿ ಎಂಬ ದ್ವೀಪ ಇದೆ. ಅದರ ಸುತ್ತ ನೀರಿನಲ್ಲಿಯೂ ಹವಳ ಇದೆ.

ಪ್ರಾಣಿಗೆ ಬೆಳಕು ಯಾಕ್ರಿ?

ಇದು ಒಳ್ಳೆಯ ಪ್ರಶ್ನೆ. ದಿಬ್ಬ ಕಟ್ಟುವ ಹವಳದ ಮೈಯೊಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಪಾಚಿ ಇರುತ್ತದೆ. ನಮ್ಮ ತೊಗರಿ ಗಿಡದ ಎಲೆ ಬಿಸಿಲಿನಿಂದ ಆಹಾರ ಮಾಡುತ್ತದಲ್ಲ, ಈ ಪಾಚಿಯೂ ಹಾಗೇ ಮಾಡುತ್ತದೆ. ಹವಳ ಪಾಚಿಗೆ ಜಾಗ ಕೊಡುತ್ತದೆ. ಪಾಚಿ ಹವಳಕ್ಕೆ ಊಟ ಕೊಡುತ್ತದೆ. ಪಾಲಿಗೆ ಹೊಲ ಮಾಡಿದ ಹಾಗೆ.

ಬೆಳಕು ಕಡಿಮೆಯಾದರೆ ಹವಳಕ್ಕೆ ಉಪವಾಸ. ನೀರು ಬಹಳ ಬಿಸಿಯಾದರೆ ಪಾಚಿ ಹೊರಗೆ ಹೋಗುತ್ತದೆ. ಆಗ ಹವಳ ಬೆಳ್ಳಗಾಗುತ್ತದೆ. ಹಾಗೇ ಮುಂದುವರಿದರೆ ಸಾಯುತ್ತದೆ. ಉಂಗುರದ ಕೆಂಪು ಹವಳದ ಮಾತು ಬೇರೆ. ಅದರೊಳಗೆ ಇಂಥ ಪಾಚಿ ಇಲ್ಲ. ಅದು ಸಮುದ್ರದ ಮಬ್ಬುಗತ್ತಲೆಯಲ್ಲೇ ಬೆಳೆಯುತ್ತದೆ.

ದೀಪ ನೀಲಿ ಯಾಕೆ? ಸಮುದ್ರದ ನೀರು ಕೆಂಪು ಬೆಳಕನ್ನು ಮೊದಲು ನುಂಗಿಬಿಡುತ್ತದೆ. ನೀಲಿ ಬೆಳಕು ಆಳಕ್ಕೆ ಇಳಿಯುತ್ತದೆ. ಹವಳ ಆ ಬೆಳಕಿಗೆ ಒಗ್ಗಿಕೊಂಡಿದೆ. ಅದಕ್ಕೇ ಹೊರದೇಶಗಳಲ್ಲಿ ಹವಳ ಸಾಕುವವರು ನೀಲಿ ಹೆಚ್ಚಿರುವ ದೊಡ್ಡ ದೀಪ ಹಾಕುತ್ತಾರೆ.

ಖರ್ಚು ಲೆಕ್ಕ ಹಾಕೋಣ. 150 ವ್ಯಾಟ್ ದೀಪ ದಿನಕ್ಕೆ 10 ಗಂಟೆ ಉರಿದರೆ ಒಂದೂವರೆ ಯೂನಿಟ್. ತಿಂಗಳಿಗೆ 45 ಯೂನಿಟ್. ಇದು ದೀಪದ್ದು ಮಾತ್ರ. ನೀರು ತಿರುಗಿಸುವ ಪಂಪು ಬೇರೆ. ನಮ್ಮ ಬೇಸಿಗೆಯಲ್ಲಿ ನೀರು ತಂಪು ಮಾಡುವ ಯಂತ್ರ ಬೇರೆ.

ಕಾನೂನು ಏನು ಹೇಳುತ್ತದೆ?

ಖರ್ಚಿಗಿಂತ ದೊಡ್ಡ ಮಾತು ಇದು. ಗಮನ ಇಟ್ಟು ಓದಿ. ನಮ್ಮ ದೇಶದಲ್ಲಿ 1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂತು. 2001ರಲ್ಲಿ ಕಲ್ಲು ಹವಳ, ಕಪ್ಪು ಹವಳ, ಬೆಂಕಿ ಹವಳ, ಸಮುದ್ರ ಬೀಸಣಿಗೆ ಇವುಗಳನ್ನು ಅದರ ಮೊದಲನೇ ಪಟ್ಟಿಗೆ ಸೇರಿಸಿದರು. ಹುಲಿ ಇರುವುದೂ ಇದೇ ಪಟ್ಟಿಯಲ್ಲಿ! ಇವನ್ನು ಸಮುದ್ರದಿಂದ ಕೀಳುವುದು, ಮಾರುವುದು, ಕೊಳ್ಳುವುದು ಅಪರಾಧ. ಜೀವಂತ ಇರಲಿ, ಒಣಗಿರಲಿ, ಎರಡೂ ಒಂದೇ. ಶಿಕ್ಷೆ 3 ವರ್ಷದಿಂದ 7 ವರ್ಷ ಜೈಲು. ದಂಡ 25,000 ರೂಪಾಯಿಗಿಂತ ಕಡಿಮೆ ಇಲ್ಲ.

"ಎಲ್ಲರೂ ಇಡ್ತಾರ್ರಿ, ಏನೂ ಆಗಲ್ಲ" ಅಂತ ಯಾರಾದರೂ ಮಾರಲು ಬಂದರೆ ನಂಬಬೇಡಿ. ಸಂಶಯ ಬಂದರೆ ಅರಣ್ಯ ಇಲಾಖೆಯವರನ್ನು ಕೇಳಿ.

ನಮ್ಮ ತೊಟ್ಟಿಗೆ ಎಂಥ ದೀಪ?

ಹವಳ ಬೇಡ ಅಂದರೆ ತೊಟ್ಟಿಯೇ ಬೇಡ ಅಂತಲ್ಲ. ಗಪ್ಪಿ, ಗೋಲ್ಡ್‌ಫಿಶ್ ಇಂಥ ಸಿಹಿನೀರಿನ ಮೀನು ಸಾಕಬಹುದು. ನೀರಿನ ಗಿಡ ಬೆಳೆಸಬಹುದು. ಇವಕ್ಕೆ ಸಣ್ಣ ಎಲ್‌ಇಡಿ ದೀಪ ಸಾಕು. ದೀಪದ ಡಬ್ಬಿಯ ಮೇಲೆ ಮೂರು ಅಂಕಿ ಓದಿ.

ಒಂದು, ವ್ಯಾಟ್. ದೀಪ ಎಷ್ಟು ಕರೆಂಟು ತಿನ್ನುತ್ತದೆ ಅಂತ ಇದು ಹೇಳುತ್ತದೆ. ಎರಡು ಅಡಿ ತೊಟ್ಟಿಗೆ 10 ವ್ಯಾಟ್ ಆದರೆ ಸಾಕು. ದಿನಕ್ಕೆ 8 ಗಂಟೆ ಉರಿದರೆ ತಿಂಗಳಿಗೆ ಎರಡೂವರೆ ಯೂನಿಟ್ ಕೂಡ ಆಗುವುದಿಲ್ಲ.

ಎರಡು, ಲ್ಯೂಮೆನ್. ದೀಪ ಎಷ್ಟು ಬೆಳಕು ಕೊಡುತ್ತದೆ ಅಂತ ಇದು ಹೇಳುತ್ತದೆ. ಎರಡು ದೀಪದ ವ್ಯಾಟ್ ಒಂದೇ ಇದ್ದರೆ ಲ್ಯೂಮೆನ್ ಹೆಚ್ಚಿರುವುದನ್ನು ಆರಿಸಿ.

ಮೂರು, ಕೆಲ್ವಿನ್. ಅಂಕಿಯ ಮುಂದೆ ಇಂಗ್ಲಿಷಿನ ಕೆ ಅಕ್ಷರ ಇರುತ್ತದೆ. ಇದು ಬೆಳಕಿನ ಬಣ್ಣ. 3,000 ಇದ್ದರೆ ಹಳದಿ. 6,500 ಇದ್ದರೆ ಹಗಲಿನಂಥ ಬಿಳಿ. ನೀರಿನ ಗಿಡಕ್ಕೆ 6,500 ಒಳ್ಳೆಯದು. ಹವಳದ ನೀಲಿ ದೀಪದಲ್ಲಿ ಇದು 14,000, 20,000 ಹೀಗೆ ಇರುತ್ತದೆ. ಅದು ನಮಗೆ ಬೇಡ.

ಇನ್ನು ಕೆಲವು ಮಾತು ನೆನಪಿಡಿ.

ದೀಪ ಹಗಲು ರಾತ್ರಿ ಉರಿಸಬೇಡಿ. ಮೀನಿಗೆ ಕಣ್ಣು ಮುಚ್ಚಲು ರೆಪ್ಪೆ ಇಲ್ಲ. ಅದಕ್ಕೂ ಕತ್ತಲು ಬೇಕು. ದಿನಕ್ಕೆ 6ರಿಂದ 8 ಗಂಟೆ ಬೆಳಕು ಸಾಕು. ಹೆಚ್ಚಾದರೆ ಗಾಜಿಗೆ ಹಸಿರು ಪಾಚಿ ಹಿಡಿಯುತ್ತದೆ.

ತೊಟ್ಟಿಯನ್ನು ಬಿಸಿಲು ಬೀಳುವ ಕಿಟಕಿಯ ಹತ್ತಿರ ಇಡಬೇಡಿ. ನೀರು ಕಾಯುತ್ತದೆ, ಮೀನು ಸಾಯುತ್ತದೆ.

ನೀರು ಮತ್ತು ಕರೆಂಟು ಎರಡೂ ಕೂಡಿದರೆ ಜೀವಕ್ಕೆ ಅಪಾಯ. ನೀರಿಗೆ ಕೈ ಹಾಕುವ ಮೊದಲು ದೀಪದ ಪ್ಲಗ್ ಕಿತ್ತುಬಿಡಿ. ಸ್ವಿಚ್ ಆರಿಸಿದರೆ ಸಾಲದು. ಸಾಕೆಟ್ಟಿಗೆ ಹೋಗುವ ವೈರು ಮೊದಲು ಕೆಳಗೆ ಇಳಿಬಿದ್ದು, ಆಮೇಲೆ ಮೇಲಕ್ಕೆ ಹೋಗಲಿ. ಆಗ ವೈರಿನ ಮೇಲೆ ಹರಿದ ನೀರು ಕೆಳಗೇ ತೊಟ್ಟಿಕ್ಕುತ್ತದೆ, ಸಾಕೆಟ್ಟಿಗೆ ಹೋಗುವುದಿಲ್ಲ. ಮಕ್ಕಳಿಗೂ ಇದನ್ನು ಕಲಿಸಿ.

ಬಂಧುಗಳೇ, ಹವಳ ಕಡಲಿನಲ್ಲೇ ಇರಲಿ. ಅದಕ್ಕೆ ಸೂರ್ಯನ ಬೆಳಕು ಇದೆ. ನಮ್ಮ ಮೀನಿಗೆ ಬೇಕಾದ ದೀಪವನ್ನು ನಾವೇ ಓದಿ ತರೋಣ. ಇವತ್ತು ಮನೆಗೆ ಹೋದ ಮೇಲೆ ಒಂದು ಬಲ್ಬಿನ ಡಬ್ಬಿ ತೆಗೆದುಕೊಳ್ಳಿ. ಮೂರು ಅಂಕಿ ಹುಡುಕಿ. ನೋಟ್‌ಬುಕ್ಕಿನಲ್ಲಿ ಬರೆದುಕೊಂಡು ನಾಳೆ ಕೇಂದ್ರಕ್ಕೆ ತನ್ನಿ. ಎಲ್ಲರೂ ಕೂಡಿ ಲೆಕ್ಕ ಹಾಕೋಣ.